ಚಂಗಲರಾಯಪ್ಪನ ತಾಯಿನುಡಿ ಯಂತ್ರ

"ಗೌರಕ್ಕಾ, ಇವತ್ತು ಮನುಷ್ಯಜಾತಿಗೇ ದೊಡ್ಡ ದಿನ," ಎಂದ ಚಂಗಲರಾಯಪ್ಪ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ಇವನು ನಮ್ಮ ಪಕ್ಕದ ಮನೆಯವನು. ಇವನ ದೊಡ್ಡ ದಿನಗಳೆಲ್ಲ ನಮ್ಮ ಬೀದಿಗೆ ಕೆಟ್ಟ ದಿನಗಳು. ಹಿಂದೊಮ್ಮೆ ಇವನ ರೊಟ್ಟಿ ತಿರುವುವ ಯಂತ್ರ ಎಸೆದ ರಾಗಿರೊಟ್ಟಿ ಇನ್ನೂ ನಮ್ಮ ಮಾವಿನಮರದಲ್ಲಿ ನೇತಾಡುತ್ತಿದೆ.

ಈ ಸಲದ್ದು ಟ್ರಂಕಿನಂಥ ಪೆಟ್ಟಿಗೆ. ಮುಂದೆ ಮೂರು ಮೈಕು, ಮೇಲೊಂದು ಹಳೇ ಬಸ್ ನಿಲ್ದಾಣದ ಲೌಡ್‌ಸ್ಪೀಕರು. ಸೋಲಾರ್ ಹಲಗೆ ತಾರಸಿಯ ಮೇಲಿದ್ದುದರಿಂದ ಯಂತ್ರವೂ ಅಲ್ಲೇ, ಒಣಹಾಕಿದ ಸಂಡಿಗೆಗಳ ಪಕ್ಕ ಕೂತಿತ್ತು.

"ಕನ್ನಡ, ತೆಲುಗು, ತಮಿಳು ಅಕ್ಕತಂಗೀರು. ಇವರ ತಾಯಿ ಏನೂ ಬರೆದಿಡದೆ ಸತ್ತೋದ್ಲು. ಮೂವರ ಮಾತೂ ಪಕ್ಕಪಕ್ಕ ಇಟ್ಟು ನೋಡಿದ್ರೆ, ಮೂವರಲ್ಲೂ ಉಳಿದಿರೋದು ತಾಯಿದು. ಒಬ್ಬಳಲ್ಲೇ ಇರೋದು ಆಮೇಲೆ ಸೇರಿದ್ದು."

ಅವನಿಗೆ ಬೇಕಾದ ಮೂವರೂ ಮನೆಯಲ್ಲೇ ಸಿಕ್ಕಿದ್ದರು. ಮರುದಿನ ಅವನ ಅತ್ತೆ ಪಾಪಕ್ಕನ ವರ್ಷದ ತಿಥಿ. ಹೆಂಡತಿ ರತ್ನಮ್ಮ ಇಲ್ಲೇ ಬಂಗಾರಪೇಟೆಯವಳು. ತಿಥಿಗೆ ಬಂದಿದ್ದ ಅವಳ ಅಕ್ಕತಂಗಿಯರಲ್ಲಿ ಕುಪ್ಪಂಗೆ ಕೊಟ್ಟ ಸರೋಜಾ ಈಗ ತೆಲುಗಿನವಳು, ಕೃಷ್ಣಗಿರಿಗೆ ಕೊಟ್ಟ ಕಾಂತಾ ತಮಿಳಿನವಳು.

"ಬಾಯೊಳಗೆ ಇರೋದೇನು?"

"ಹಲ್ಲು," ಎಂದಳು ರತ್ನಮ್ಮ. "ಪಲ್ಲು," ಎಂದಳು ಸರೋಜಾ. "ಪಲ್," ಎಂದಳು ಕಾಂತಾ.

ಯಂತ್ರ ಗೊರಗೊರ ಎಂದು, "ಪಲ್," ಎಂದಿತು.

"ನೋಡಿದ್ರಾ? ನಮ್ಮಲ್ಲಿ 'ಪ' ಸವೆದು 'ಹ' ಆಗಿದೆ. ಹಾಲು, ಹುಲಿ, ಹೂವು, ಎಲ್ಲಾ ಕಡೆ ಹಿಂಗೇ. ಒಂದು ಬಸ್ಸಿನ ಟಯರು ಸವೆದ್ರೆ ಟಯರಿನ ತಪ್ಪು. ಎಲ್ಲಾ ಬಸ್ಸಿಂದೂ ಒಂದೇ ಥರ ಸವೆದ್ರೆ ಅದು ರಸ್ತೆಯ ಗುಣ."

ನನಗೇ ತಲೆದೂಗುವಂತಾಯಿತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ನಾನು ರಿಪೇರಿ ಮಾಡ್ತಿದ್ದದ್ದು ಏನನ್ನ?" ಎಂದು ಕೇಳಿದ. ಮೂವರೂ "ಬಸ್ಸು" ಎಂದರು. ಆದಿಕಾಲದ ನಮ್ಮ ಹಿರಿಯರೂ ಬಸ್ಸಿನಲ್ಲೇ ಓಡಾಡುತ್ತಿದ್ದರು ಎಂದು ಯಂತ್ರ ತೀರ್ಪು ಕೊಟ್ಟಿತು.

"ನಮ್ಮ ಡಿಪೋ ಅಷ್ಟು ಹಳೇದು ಅಂತ ಗೊತ್ತೇ ಇರಲಿಲ್ಲ," ಎಂದು ಅವನು ಯಂತ್ರಕ್ಕೆ ಕೈಮುಗಿದ.

"ಮೂರು ಮನೆಯವರೂ ಒಂದೇ ಅಂಗಡೀಲಿ ಕೊಂಡ ಬಕೆಟ್ಟು ಅಜ್ಜಿ ಆಸ್ತಿ ಆಗ್ತದೇನಪ್ಪಾ?" ಎಂದೆ.

"ನೀವು ಮೆಸ್ ನಡೆಸೋರು, ವಿಜ್ಞಾನಕ್ಕೆ ಬರಬೇಡಿ."

ಅಷ್ಟರಲ್ಲಿ ಅಕ್ಕತಂಗಿಯರ ಜಗಳ ಹತ್ತಿತು. ನಾಳೆ ಎಡೆಗೆ ಇಡುವ ಸಾರು ಅಮ್ಮನ ಕೈಯಡುಗೆಯಂತೆ ಇರಬೇಕಲ್ಲ.

"ಅಮ್ಮ ಕಾಯಿ ಹಾಕ್ತಿದ್ಲು," ಎಂದಳು ರತ್ನಮ್ಮ.

"ನಿನ್ನ ತಲೆ, ಹುಣಿಸೆಹಣ್ಣು, ಬೆಲ್ಲ," ಎಂದಳು ಸರೋಜಾ.

"ನುಗ್ಗೇಕಾಯಿ ಇಲ್ದೆ ಅಮ್ಮ ಸಾರೇ ಮಾಡಿಲ್ಲ. ಕೊನೇಲಿ ಅವಳನ್ನ ನೋಡ್ಕೊಂಡೋಳು ನಾನೊಬ್ಳೇ," ಎಂದಳು ಕಾಂತಾ.

"ನಾನೊಬ್ಳೇ!" ಎಂದರು ಉಳಿದಿಬ್ಬರೂ. ನಡುನಡುವೆ ಮೂವರೂ ಸಂಡಿಗೆಗೆ ಎರಗುವ ಕಾಗೆಗಳನ್ನು ಒಂದೇ ರಾಗದಲ್ಲಿ ಬೈದು ಓಡಿಸುತ್ತಿದ್ದರು. ಪುರುಸೊತ್ತಾದಾಗ ಚಂಗಲರಾಯಪ್ಪನನ್ನೂ ಅದೇ ರಾಗದಲ್ಲಿ ಬೈದರು.

ಮೈಕುಗಳು ತೆರೆದೇ ಇದ್ದವು. ಯಂತ್ರ ಒಮ್ಮೆ ಕೆಮ್ಮಿತು.

"ಮೂವರೂ ಬಾಯಿ ಮುಚ್ಚಿ. ಮೊದಲು ಉಪ್ಪು ಹಾಕಿದ್ದೀರಾ ನೋಡಿ. ಅಳಿಯಂದ್ರೇ, ಪಲ್ಲು ಬಿಟ್ಕೊಂಡು ಏನು ನಿಂತಿದ್ದೀರಿ?"

ಸತ್ತ ಪಾಪಕ್ಕನ ದನಿ! 'ಪ' ಒಂದಿಷ್ಟು ಹಳೆಯದಾಗಿತ್ತು, ಅಷ್ಟೇ. ಗಂಟಲು, ಗತ್ತು, ಕೊನೆಯಲ್ಲಿ ಎಳೆಯುವ ಉಸಿರು ಎಲ್ಲ ಅವಳದೇ. ಮೂವರಲ್ಲೂ ಉಳಿದದ್ದನ್ನು ಯಂತ್ರ ಒಟ್ಟುಗೂಡಿಸಿತ್ತು. ಉಳಿದದ್ದು ಬೈಗುಳವೇ. ಚಂಗಲರಾಯಪ್ಪ ತಂತಿ ಕೀಳಲು ಹೋದ. ಮೂವರೂ ಅಡ್ಡ ನಿಂತರು.

"ನಮ್ಮಮ್ಮನ ಬಾಯಿ ಮುಚ್ಚಿಸ್ತೀಯಾ?" ಎಂದಳು ಕಾಂತಾ, ಕಣ್ಣೊರೆಸಿಕೊಳ್ಳುತ್ತಾ. ಅವನು ಕೈ ಹಿಂದಕ್ಕೆ ತೆಗೆದ. ಸಾರಿನ ಜಗಳವೂ ಅಲ್ಲಿಗೇ ನಿಂತಿತು. ಬೈಸಿಕೊಂಡ ಮೂವರೂ ಒಲೆಯ ಮುಂದೆ ಒಟ್ಟಿಗೆ ಕೂತದ್ದನ್ನು ನಾನು ಆ ವರ್ಷ ಅಂದೇ ಕಂಡದ್ದು.

ಮರುದಿನ ತಿಥಿ ಮಾಡಿಸಲು ಬಂದ ದಾಸಯ್ಯ ಶಂಖ ಊದಿದ. ಬಾಳೆಯೆಲೆಯ ಎಡೆಯನ್ನು ತಾರಸಿಗೆ ಒಯ್ದಿಟ್ಟರು. ಕಾಗೆ ಮುಟ್ಟಿದ ಮೇಲೆ ಮನೆಯವರಿಗೆ ಊಟ. ಮುಟ್ಟದಿದ್ದರೆ ಹೋದವರಿಗೆ ತೃಪ್ತಿಯಾಗಿಲ್ಲ ಎಂದರ್ಥ. ಒಂದು ಕಾಗೆ ಗೋಡೆಯ ಮೇಲೆ ಕೂತು ಕಾ ಎಂದಿತು.

"ಪೋ, ಮುಂಡೇದೇ!" ಎಂದಿತು ಲೌಡ್‌ಸ್ಪೀಕರು.

ಕಾಗೆ ಹಾರಿತು. ಪಕ್ಕದ ತಾರಸಿಯ ಕಾಗೆಗಳೂ ಹಾರಿದವು. ಬದುಕಿದ್ದಾಗ ಪಾಪಕ್ಕನ ಕೋಲಿನ ರುಚಿ ಕಂಡವುಗಳು! ಆಮೇಲೆ ಬಂಗಾರಪೇಟೆಯಲ್ಲಿ ಕಾಗೆ ಎನ್ನುವ ಜಾತಿಯೇ ಇಲ್ಲವೆನ್ನುವಂತಾಯಿತು. ಕೆಳಗೆ ನೆಂಟರ ಹೊಟ್ಟೆ ಯಂತ್ರಕ್ಕಿಂತ ಜೋರಾಗಿ ಗೊರಗುಟ್ಟುತ್ತಿತ್ತು.

"ಅಮ್ಮಂಗೆ ತೃಪ್ತಿ ಆಗಿಲ್ಲ," ಎಂದು ರತ್ನಮ್ಮ ಅಳತೊಡಗಿದಳು.

"ತಂತಿ ಕಿತ್ತುಬಿಡ್ಲಾ?" ಎಂದ ಗಂಡ.

"ಅವಳ ತಿಥಿ ದಿನವೇ?" ಎಂದರು ಮೂವರೂ.

ನನಗೂ ಹಸಿವಾಗಿತ್ತು. "ಕಾಗೆ ಯಾಕ್ರಮ್ಮಾ? ತಿನ್ನಬೇಕಾದೋಳೇ ಇಲ್ಲಿದ್ದಾಳೆ. ಎಲೆ ಅವಳ ಮುಂದಿಡಿ, ಸಾರು ಹೆಂಗಿದೆ ಕೇಳಿ," ಎಂದೆ.

ಎಲೆಯನ್ನು ಮೈಕುಗಳ ಮುಂದಿಟ್ಟರು. ರತ್ನಮ್ಮ ಮೈಕಿನತ್ತ ಬಗ್ಗಿ, "ಅಮ್ಮಾ, ಸಾರು ಹೆಂಗಿದೆ?" ಎಂದಳು.

ಯಂತ್ರ ಬಹಳ ಹೊತ್ತು ಗೊರಗುಟ್ಟಿತು.

"ಉಪ್ಪು ಕಮ್ಮಿ. ಇರಲಿ, ಮಕ್ಕಳು ಹಸಿದಿದ್ದಾವೆ, ಬಡಿಸಿ."

ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ದಾಸಯ್ಯ ಶಾಸ್ತ್ರವನ್ನು ಅರೆಕ್ಷಣ ಯೋಚಿಸಿ, "ಸ್ವೀಕಾರ ಆಯ್ತು, ಎಲೆ ಹಾಕ್ರಪ್ಪಾ," ಎಂದ.

ಯಂತ್ರ ಈಗಲೂ ಆ ತಾರಸಿಯ ಮೇಲೇ ಇದೆ. ಚಂಗಲರಾಯಪ್ಪ ದಿನಾ ಬೆಳಗ್ಗೆ ಬೈಸಿಕೊಂಡೇ ಕಾಫಿ ಕುಡಿಯುತ್ತಾನೆ. ಕಾಗೆಗಳ ಪ್ರಕಾರ ಪಾಪಕ್ಕ ಇನ್ನೂ ಸತ್ತಿಲ್ಲ. ನನ್ನ ಮೆಸ್ಸಿನ ಹಪ್ಪಳವನ್ನೂ ನಾನೀಗ ಅಲ್ಲೇ ಒಣಹಾಕುತ್ತೇನೆ.