ರಾಜ ಬಿದ್ದ ದೇಶದಲ್ಲಿ ನಮ್ಮ ಯಜಮಾನರು

ದೂರದ ದೇಶದಲ್ಲಿ ರಾಜ ಬಿದ್ದರೆ ಅದು ಪೇಪರಿನವರ ಪಾಡು ಅಂತ ಎಲ್ಲರೂ ತಿಳಿದಿರುತ್ತಾರೆ. ಆ ದೇಶದಲ್ಲಿ ಗಂಡನಿದ್ದರೆ ಗೊತ್ತಾಗುತ್ತದೆ, ಅದು ಹೊಸಿಲು ದಾಟಿ ಅಡುಗೆಮನೆಗೇ ಬಂದು ಕೂರುತ್ತದೆ, ಎದ್ದು ಹೋಗುವವರೆಗೆ ಒಂದಲ್ಲ ಒಂದು ಚೇಷ್ಟೆ ಮಾಡುತ್ತಲೇ ಇರುತ್ತದೆ.

ನಮ್ಮದು ಕುಣಿಗಲ್. ಯಜಮಾನರು ಮೀಸೆ ಬರುವ ಮೊದಲಿಂದ ಕುದುರೆ ಸಾಕುವ ಕೆಲಸದಲ್ಲಿದ್ದವರು. ಇರಾನಿನಲ್ಲಿ ರಾಜನ ಕಡೆಯ ದೊಡ್ಡ ಮನುಷ್ಯನೊಬ್ಬ ಕುದುರೆ ನೋಡಿಕೊಳ್ಳಲು ಜನ ಬೇಕು ಅಂದಾಗ ಹೊರಟುಹೋದರು. ಆಗ ನನಗೆ ಮೂರು ತಿಂಗಳು. ಹೆರಿಗೆಗೆ ಬನ್ನಿ ಅಂತ ಬರೆದರೆ ರಜೆ ಇಲ್ಲ ಅಂತ ಉತ್ತರ ಬಂತು. ಮಗಳಿಗೆ ವರ್ಷ ತುಂಬಿ ಸ್ವಲ್ಪ ದಿನಕ್ಕೆ ಅಲ್ಲಿ ಕ್ರಾಂತಿ ಎದ್ದಿತು. ಬೀದಿ ತುಂಬ ಜನ, ಗುಂಡು, ಬೆಂಕಿ. ಕಾಗದ ನಿಂತುಹೋಯಿತು. ಅವರು ಬದುಕಿದ್ದಾರೋ ಇಲ್ಲವೋ ಅನ್ನುವುದೇ ತಿಳಿಯದೆ ಆ ತಿಂಗಳುಗಳನ್ನು ಕಳೆದೆವು.

ದೇವರಮನೆಯಲ್ಲಿ ಇಬ್ಬರು

ಮೊದಲ ವರ್ಷ ಯಜಮಾನರು ಆ ದೇಶದ ಒಂದು ಕ್ಯಾಲೆಂಡರ್ ಕಳಿಸಿದ್ದರು. ಅದರಲ್ಲಿ ರಾಜನ ಪಟ. ಮಗನಿಗೆ ಅನ್ನ ಕೊಡುವ ದೊರೆ ಅಂತ ಅತ್ತೆ ಅದನ್ನು ಕತ್ತರಿಸಿ ದೇವರಮನೆಯಲ್ಲಿ ಇಟ್ಟು ದಿನಾ ಊದುಬತ್ತಿ ಬೆಳಗುತ್ತಿದ್ದರು.

ರಾಜ ದೇಶ ಬಿಟ್ಟು ಹೋದ ಅಂತ ರೇಡಿಯೋದಲ್ಲಿ ಬಂದ ಬೆಳಿಗ್ಗೆ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಕೇಳಿದಳು. "ಏನಜ್ಜಿ, ಓಡೋಗಿರೋ ರಾಜಂಗೆ ಇನ್ನೂ ಪೂಜೆ ಮಾಡ್ತಿದೀರಾ?"

"ಮನೆ ಮಠ ಬಿಟ್ಟು ಹೋದೋನ್ಗೇ ಕಣವ್ವ ದೇವರು ಬೇಕಾಗೋದು," ಅಂದರು ಅತ್ತೆ. "ಅರಮನೇಲಿದ್ದಾಗ ಅವನ್ಗೆ ಪೊಲೀಸ್ನೋರಿದ್ರು."

ಕೆಲವು ದಿನಕ್ಕೆ ಹೊಸದಾಗಿ ಅಧಿಕಾರಕ್ಕೆ ಬಂದ ಗುರುಗಳ ಚಿತ್ರ ಪೇಪರಿನಲ್ಲಿ ಬಂತು. ಬಿಳಿ ಗಡ್ಡ, ತಲೆಗೆ ರುಮಾಲು, ಗಂಭೀರವಾದ ಮುಖ. ಅತ್ತೆ ಪೇಪರನ್ನು ಬೆಳಕಿಗೆ ಹಿಡಿದು ನೋಡಿದರು.

"ಇವ್ರು ಯಾವ ಮಠದೋರು?"

"ಅವರ ಧರ್ಮದ ಗುರುಗಳು ಅತ್ತೆ. ಇನ್ಮೇಲೆ ರಾಜ್ಯವೆಲ್ಲ ಅವರೇ ನೋಡ್ಕೋತಾರಂತೆ."

"ದಾಸೋಹ ಐತಾ?"

"ಪೇಪರ್‌ನಲ್ಲಿ ಹಾಕಿಲ್ಲ."

"ಗುರುಗಳು ಅಂದ್ಮೇಲೆ ಇದ್ದೇ ಇರ್ತದೆ. ನನ್ನ ಮಗ ಉಪವಾಸ ಇರಲ್ಲ ಬುಡು," ಅಂದು ಆ ಚಿತ್ರವನ್ನೂ ಕತ್ತರಿಸಿ ರಾಜನ ಪಕ್ಕದಲ್ಲೇ ಇಟ್ಟರು. ಒಬ್ಬರನ್ನೊಬ್ಬರು ಒಂದು ದೇಶದಲ್ಲಿ ಇರಗೊಡದವರು ನಮ್ಮ ದೇವರಮನೆಯಲ್ಲಿ ಒಂದೇ ಊದುಬತ್ತಿ ಹಂಚಿಕೊಂಡು ಇದ್ದರು.

ಬೆಂಕಿ ಕಾಲಂ

ಸರ್ಕಾರಕ್ಕೆ ಅರ್ಜಿ ಕೊಟ್ಟರೆ ಹುಡುಕಿಸುತ್ತಾರೆ ಅಂತ ಯಾರೋ ಅಂದರು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿ ತುಮಕೂರಿಗೆ ಹೋದೆ. ಆಫೀಸಿನ ಗುಮಾಸ್ತರು ಒಳ್ಳೆಯವರು. ಕೂರಲು ಸ್ಟೂಲು ಕೊಟ್ಟು, ಬೀರುವಿನಲ್ಲಿ ಹುಡುಕಿ ಒಂದು ಅಚ್ಚಾದ ಫಾರಂ ತೆಗೆದರು.

"ಯಾತರಿಂದ ತೊಂದರೆ ಆಗಿದೆಯಮ್ಮ?"

"ಕ್ರಾಂತಿಯಿಂದ ಸ್ವಾಮಿ."

ಅವರು ಫಾರಂ ಮೇಲೆ ಬೆರಳಾಡಿಸಿದರು. "ಬರ ಇದೆ, ನೆರೆ ಇದೆ, ಬೆಂಕಿ ಇದೆ. ಕ್ರಾಂತಿಗೆ ಕಾಲಂ ಇಲ್ವಲ್ಲಮ್ಮ."

"ಅಲ್ಲಿ ಬೀದಿಬೀದೀಲಿ ಬೆಂಕಿ ಹಚ್ತಿದಾರಂತೆ."

"ಹಾಗೆ ಹೇಳಿ ಮತ್ತೆ," ಅಂತ ಸಮಾಧಾನದಿಂದ 'ಬೆಂಕಿ' ಅಂತ ಬರೆದುಕೊಂಡರು.

ಹದಿನೈದು ದಿನಕ್ಕೆ ಕಂಕುಳಲ್ಲಿ ಚೀಲ ಇಟ್ಟುಕೊಂಡು ತಾಲ್ಲೂಕು ಆಫೀಸಿನವರೊಬ್ಬರು ನಮ್ಮ ಬಾಗಿಲಿಗೆ ಬಂದರು. ವಿಚಾರಣೆಗಂತೆ. ಗೋಡೆ ನೋಡಿದರು, ಸೂರು ನೋಡಿದರು. "ಸುಟ್ಟಿರೋ ಮನೆ ಎಲ್ಲಮ್ಮ?"

"ಸಮುದ್ರದಾಚೆ," ಅಂದೆ. ಅಳು ಬಂತು. ಅತ್ತೆ ಅವರಿಗೆ ಕಾಫಿ ಕೊಟ್ಟು ಎಲ್ಲವನ್ನೂ ವಿವರವಾಗಿ ಹೇಳಿದರು. ಪಾಪ, ಆ ಮನುಷ್ಯ ಲೋಟ ಕೆಳಗಿಟ್ಟು ಚೀಲದಿಂದ ಕಾಗದ ತೆಗೆದರು. ಬಂದ ಮೇಲೆ ಏನಾದರೂ ಬರೆಯಲೇಬೇಕಲ್ಲ. ಬರೆದು ನನಗೂ ಓದಿ ಹೇಳಿದರು: "ಸ್ಥಳ ಪರಿಶೀಲಿಸಲಾಗಿ, ಬೆಂಕಿಯು ಸಂಪೂರ್ಣವಾಗಿ ಆರಿರುತ್ತದೆ."

ಆ ದಿನದ ರೇಡಿಯೋ ವಾರ್ತೆಯಲ್ಲಿ ಅಲ್ಲಿ ಇನ್ನೂ ಗುಂಡು ಹಾರುತ್ತಿತ್ತು. ನಮ್ಮ ತಾಲ್ಲೂಕಿನ ಮಟ್ಟಿಗೆ ಕ್ರಾಂತಿ ಅವತ್ತೇ ಮುಗಿಯಿತು.

ಯಾರ ಹಿಂದೆ ಯಾರು

ನನ್ನ ತವರು ಗುಬ್ಬಿ. ಅಲ್ಲಿಯ ಒಬ್ಬ ಡ್ರೈವರ್ ಯಜಮಾನರಿದ್ದ ಊರಿನಲ್ಲೇ ಕೆಲಸಕ್ಕಿದ್ದ. ಅವನು ವಾಪಸ್ ಬಂದಿದ್ದಾನೆ ಅಂತ ತಿಳಿದು ಓಡಿಹೋದೆ.

"ಬದುಕವ್ರೆ ಅಕ್ಕ, ಕಣ್ಣಾರೆ ನೋಡಿವ್ನಿ," ಅಂದ. "ಅವ್ರ ಧಣೀನೂ ಓಡೋದ. ಇಬ್ರೂ ಹೋಗಾವ, ವಿಮಾನ ಐತೆ ಅಂತ ಕರ್ದೆ. ಒಂದು ಕೆಲ್ಸ ಬಾಕಿ ಐತೆ, ಮುಗಿಸ್ಕೊಂಡು ಬತ್ತೀನಿ, ನೀನು ಹೋಗು ಅಂದ್ರು."

"ಧಣೀನೇ ಇಲ್ಲ. ಇನ್ಯಾವ ಕೆಲಸ?"

"ನಾನೂ ಅದ್ನೇ ಕೇಳ್ದೆ. ವಿಮಾನಕ್ಕೆ ಹೊತ್ತಾಯ್ತು ನಡಿ ಅಂದ್ರು."

ಬದುಕಿದ್ದಾರೆ ಅನ್ನುವ ಸಂತೋಷ ಗುಬ್ಬಿಯಿಂದ ಕುಣಿಗಲ್ ತಲುಪುವಷ್ಟರಲ್ಲಿ ಬೇರೆ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯವಳು ಅಲ್ಲಿಯ ಹೆಂಗಸರು ಬಲು ಕೆಂಪಂತೆ ಅಂದಳು. ಎದುರು ಮನೆಯ ರಿಟೈರಾದ ಮೇಷ್ಟರು ದಿನಕ್ಕೆ ಎರಡು ಪೇಪರ್ ಓದುವವರು. ಜಗಲಿ ಮೇಲೆ ಕೂರಿಸಿ ನನಗೆ ಲೋಕದ ವಿಚಾರ ಬಿಡಿಸಿ ಹೇಳಿದರು.

"ನೋಡಮ್ಮ, ರಾಜನ ಹಿಂದೆ ಅಮೆರಿಕ ಇತ್ತು. ಅಮೆರಿಕದ ಮೇಲೆ ರಷ್ಯಾ ಕಣ್ಣಿಟ್ಟಿತ್ತು. ಅಲ್ಲಿ ಕುರ್ದಿಗಳು ಅಂತ ಇನ್ನೊಂದು ಜನ, ನಮ್ಮ ನಾಡು ನಮಗೆ ಅಂತ ಈಗ ಅವರೂ ಎದ್ದಿದಾರೆ. ಅವರ ಹಿಂದೆ ಯಾರಿದಾರೆ ಅನ್ನೋದೇ ಪ್ರಶ್ನೆ."

"ಮೇಷ್ಟ್ರೇ, ನಮ್ಮ ಯಜಮಾನರ ಹಿಂದೆ ಯಾರಿದಾಳೆ ಅನ್ನೋದು ಪೇಪರ್‌ನಲ್ಲಿ ಬಂದಿದ್ರೆ ಅದನ್ನ ಹೇಳಿ," ಅಂದೆ.

ಮೇಷ್ಟರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತ ಕೂತರು.

ಬಾಕಿ ಇದ್ದ ಕೆಲಸ

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ನಾನು ರಾಗಿ ಹಸನು ಮಾಡುತ್ತಿದ್ದಾಗ ಬಂದರು. ಕೈಯಲ್ಲಿ ಒಂದು ಬಟ್ಟೆ ಗಂಟು. ಮುಖ ಅರ್ಧ ಆಗಿತ್ತು. ಅತ್ತೆ ಅವರ ತಲೆ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿ ಅತ್ತರು. ನಾನು ಅಳಲಿಲ್ಲ. ನೀರು ಕೊಟ್ಟೆ, ಊಟಕ್ಕಿಟ್ಟೆ, ಕೈ ತೊಳೆದ ಮೇಲೆ ಕೇಳಿದೆ.

"ಯಾವ ಕೆಲಸ ಬಾಕಿ ಇತ್ತು?"

"ಒಂದು ಕುದುರೆ ಗಬ್ಬ ಆಗಿತ್ತು ಕಣೇ," ಅಂದರು. "ದಿನ ತುಂಬಿತ್ತು."

ಮಿಕ್ಕದ್ದನ್ನೂ ಅವರೇ ಹೇಳಿದರು. ಧಣಿ ರಾತ್ರೋರಾತ್ರಿ ಹೋದ. ಕುದುರೆ ಡಾಕ್ಟರು ಅಮೆರಿಕದವನು, ಮೊದಲನೇ ವಿಮಾನಕ್ಕೇ ಹೋದ. ಆಳುಗಳೂ ಚೆದುರಿಹೋದರು. ಮೇವಿಲ್ಲದೆ ಇವರು ತಮ್ಮ ರೊಟ್ಟಿ ನೆನೆಸಿ ತಿನ್ನಿಸಿದರು. ಹೊರಗೆ ಗುಂಡಿನ ಸದ್ದಾದರೆ ಅದರ ಕುತ್ತಿಗೆ ಹಿಡಿದು ನಿಲ್ಲುತ್ತಿದ್ದರು. ಕಡೆಗೆ ಮರಿಯ ಕಾಲು ಅಡ್ಡ ಸಿಕ್ಕಿಕೊಂಡು, ಒಬ್ಬರೇ ಎಳೆದು ತೆಗೆದರು. ಅಮೆರಿಕ ಬಿಟ್ಟುಹೋದ ಬಾಣಂತನವನ್ನು ಕುಣಿಗಲ್ ಮಾಡಿತು.

"ನನ್ನ ಹೆರಿಗೇಗೆ ರಜೆ ಇರ್ಲಿಲ್ಲ ನಿಮಗೆ," ಅಂದೆ.

ಅವರು ತಲೆ ತಗ್ಗಿಸಿದರು. "ನಿನಗೆ ನಿಮ್ಮವ್ವ ಇದ್ರು, ನರ್ಸ್ ಇದ್ರು. ಅದಕ್ಕೆ ಯಾರಿದ್ರು ಹೇಳು."

ತಿಂಗಳುಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಆ ಒಂದು ಮಾತಿಗೆ ಕೆಲಸಕ್ಕೆ ಬಾರದೆ ಹೋಯಿತು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಏನು ಮರಿಲಾ?" ಅಂದರು.

"ಹೆಣ್ಣು. ಮಾರನೇ ದಿನ ಬಂದೂಕು ಹಿಡ್ಕೊಂಡು ಹೊಸ ಸರ್ಕಾರದೋರು ಬಂದ್ರು. ಧಣಿದೆಲ್ಲ ಇನ್ಮೇಲೆ ಸರ್ಕಾರದ್ದು ಅಂತ ಒಂದೊಂದೇ ಕುದುರೇನ ರಿಜಿಸ್ಟರಿಗೆ ಬರ್ಕೊಂಡ್ರು. ಮರಿ ಹೆಸರೇನು ಅಂದ್ರು. ಬಂದೂಕು ಎದೆ ಮುಂದೇ ಇತ್ತು. ಬಾಯಿಗೆ ಬಂದಿದ್ದು ಹೇಳ್ಬುಟ್ಟೆ."

"ಏನಂತ?" ಅಂದೆ.

ಅವರು ಬಾಗಿಲ ಹಿಂದೆ ಬಚ್ಚಿಟ್ಟುಕೊಂಡು ತಮ್ಮನ್ನೇ ನೋಡುತ್ತಿದ್ದ ಮಗಳ ಕಡೆ ನೋಡಿದರು. ಅವಳನ್ನು ಕಂಡಿದ್ದು ಅದೇ ಮೊದಲು. ನಾನು ಕಾಗದದಲ್ಲಿ ಬರೆದಿದ್ದ ಹೆಸರಷ್ಟೇ ಅವರಿಗೆ ಗೊತ್ತಿದ್ದದ್ದು.

"ಸಿದ್ದಗಂಗಮ್ಮ," ಅಂದರು. "ಅವರ ಕೈಲಿ ಬರೆಸೋಕೆ ಮೂರು ಸಲ ಹೇಳ್ಬೇಕಾಯ್ತು."

ಮಗಳಿಗೆ ಈಗ ಐದು ವರ್ಷ. ಅಷ್ಟು ದೂರದ ದೇಶದ ಹೊಸ ಸರ್ಕಾರದ ರಿಜಿಸ್ಟರಿನಲ್ಲಿ ಅವಳ ಹೆಸರಿದೆ. ಬಂದೂಕಿನ ಮುಂದೆ ನಿಂತು ಅದನ್ನು ಮೂರು ಸಲ ಹೇಳಿ ಬರೆಸಿದ ಮನುಷ್ಯನಿಗೆ, ಇಲ್ಲಿ ನಮ್ಮ ರೇಷನ್ ಕಾರ್ಡಿಗೆ ಅದೇ ಹೆಸರು ಸೇರಿಸಲು ಇನ್ನೂ ಪುರಸೊತ್ತಾಗಿಲ್ಲ.