ಅಂಟಿಕೊಂಡ ಸೋದರಮಾವ

ಕಂಪ್ಯೂಟರಿನಲ್ಲಿ ಕಾಪಿ-ಪೇಸ್ಟ್ ಕಲಿತ ದಿನ ನಾನು ಝಹೀರಾಬಾದಿನ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನೆಲದ ಮೇಲೆ ನಡೆಯಲಿಲ್ಲ, ತೇಲಿಕೊಂಡು ಬಂದೆ. ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಟೀಚರ್. ಅಳತೆಯ ರವಿಕೆಯನ್ನು ಬಟ್ಟೆಯ ಮೇಲೆ ಹರವಿ, ಸುತ್ತ ಚಾಕ್ ಎಳೆದು, ಅದರಂತೆ ಇನ್ನೊಂದನ್ನು ಕತ್ತರಿಸುವುದರಲ್ಲೇ ಆಯುಷ್ಯ ಸವೆಸಿದವಳು. ಕಂಪ್ಯೂಟರ್ ಮಾಡುವುದೂ ಅದನ್ನೇ! ಕತ್ತರಿ ಬೇಡ, ಚಾಕ್ ಬೇಡ. ಇಷ್ಟಕ್ಕೇ ಜನ ಸಂಬಳ ತೆಗೆದುಕೊಳ್ಳುತ್ತಾರೆಯೇ ಎಂದು ನನಗೆ ಆಶ್ಚರ್ಯವಾಯಿತು.

ನನ್ನ ಹೊಸ ವಿದ್ಯೆಯ ಸುದ್ದಿ ನಾರಾಯಣಖೇಡದಲ್ಲಿರುವ ತಂಗಿ ಶಿವಲೀಲಾಳಿಗೆ ಅಂದೇ ಮುಟ್ಟಿತು. ಮುಟ್ಟಿಸಿದವಳು ನಾನೇ. ಅವಳ ಮಗಳು ಅಶ್ವಿನಿಗೆ ತಾಂಡೂರಿನಿಂದ ಒಂದು ಸಂಬಂಧ ಬಂದಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಮನೆತನ, ನಮ್ಮಂತೆಯೇ ಲಿಂಗವಂತರು. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿಯುತ್ತಿದ್ದ ಅಶ್ವಿನಿ ಈ ಹುಡುಗನ ಫೋಟೋ ನೋಡಿ ಸುಮ್ಮನಾಗಿದ್ದಳು. ಹುಡುಗಿ ಸುಮ್ಮನಾದಳೆಂದರೆ ನಮ್ಮಲ್ಲಿ ಅರ್ಧ ಮದುವೆ ಆದಂತೆಯೇ. ಗೋತ್ರವೂ ಬೇರೆ ಬೇರೆ: ಅವರದು ನಂದಿ, ನಮ್ಮ ಹುಡುಗಿಯದು ವೀರ. ಒಂದೇ ಗೋತ್ರವಾದರೆ ಅಣ್ಣ-ತಂಗಿ ಎಂದು ಲೆಕ್ಕ, ಹಾಗಾಗಿ ಹಿರಿಯರು ಮೊದಲು ನೋಡುವುದೇ ಅದನ್ನು. ಇನ್ನು ಹುಡುಗಿಯ ಬಯೋಡಾಟಾ ಕಳಿಸುವುದೊಂದು ಬಾಕಿ ಇತ್ತು.

"ಅಕ್ಕ, ಕಂಪ್ಯೂಟರ್ ಸೆಂಟರಿನವಗ ಕೊಟ್ಟು ಮಾಡಸ್ಲೇನು?" ಎಂದು ತಂಗಿ ಕೇಳಿದಳು.

"ಮನ್ಯಾಗ ನಾ ಇದ್ದು ಹೊರಗಿನವಗ ಯಾಕ ಕೊಡ್ತಿ? ಹುಡುಗಂದು ನಂಗ ಕಳಸು. ಅದರ ಮ್ಯಾಲ ಇಟ್ಟು ಅಶ್ವಿನಿದು ತೆಗಿತೀನಿ," ಎಂದೆ.

ನಮ್ಮ ಯಜಮಾನರು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದರು. ಅವರನ್ನು ಎಬ್ಬಿಸಿ ನಾನು ಕೂತೆ. ಹುಡುಗನ ಬಯೋಡಾಟಾ ತೆರೆದು, ಕಲಿಸಿಕೊಟ್ಟಂತೆ ಎಲ್ಲವನ್ನೂ ನೀಲಿ ಮಾಡಿ, ಗುಂಡಿ ಒತ್ತಿದೆ. ಹಾಳೆ ಬೆಳ್ಳಗಾಯಿತು. ಹುಡುಗ, ಅವನ ತಂದೆ-ತಾಯಿ, ಅಂಗಡಿ, ಎಲ್ಲ ಮಾಯ!

"ರೀ, ಹುಡುಗ ಹೋದ್ನಲ್ರಿ."

"ಎಲ್ಲಿಗಿ ಹೋಗ್ಯಾನ?"

"ಗೊತ್ತಿಲ್ರಿ. ಈಗ ಇಲ್ಲೇ ಇದ್ದ."

ಅವರು ಕನ್ನಡಕ ಏರಿಸಿ ನೋಡಿದರು. "ಕಾಪಿ ಬದ್ಲಿ ಕಟ್ ಒತ್ತಿದಿ. ಕೈಯಾಗ ಕತ್ತರಿ ಇಲ್ದಿದ್ರೂ ನಿನ್ನ ಚಟ ಹೋಗಲ್ಲ ನೋಡು. ಪೇಸ್ಟ್ ಒತ್ತು, ಬರ್ತಾನ."

ಒತ್ತಿದೆ. ಬೇಗ ಬರಲಿ ಎಂಬ ಆತುರದಲ್ಲಿ ಬೆರಳು ಎತ್ತಲೇ ಇಲ್ಲ. ಹುಡುಗ ಬಂದ. ಅವನ ಬೆನ್ನಿಗೇ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಪುಟಗಟ್ಟಲೆ ತಾಂಡೂರಿನ ವರಗಳು ದಿಬ್ಬಣದಂತೆ ಇಳಿದು ಬಂದವು.

"ಅಶ್ವಿನಿಗಿ ಒಬ್ಬವ ಸಾಕು," ಎಂದು ಹೇಳಿ ಯಜಮಾನರು ಟಿವಿಯ ಕಡೆ ಹೋದರು.

ಒಬ್ಬನನ್ನು ಉಳಿಸಿಕೊಂಡು ಮಿಕ್ಕವರನ್ನು ಅಳಿಸಿದೆ. ಆಮೇಲೆ ಹುಡುಗನನ್ನು ಹುಡುಗಿ ಮಾಡುವ ಕೆಲಸ. ಗಂಡಸಿನ ವಾಸನೆ ಬಂದ ಒಂದೊಂದು ಸಾಲನ್ನೂ ಹುಡುಕಿ ಹುಡುಕಿ ಬದಲಿಸಿದೆ. ಹೆಸರು, ಓದು, ಎತ್ತರ, ತಂದೆ-ತಾಯಿ ಎಲ್ಲ ಸರಿಹೋದವು. ಹವ್ಯಾಸದ ಜಾಗದಲ್ಲಿ ಕಬಡ್ಡಿ ಇತ್ತು, ಕಸೂತಿ ಮಾಡಿದೆ. ಅಶ್ವಿನಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ, ಅದು ಬೇರೆ ಮಾತು. ಸಂಪರ್ಕಕ್ಕೆ ನನ್ನ ನಂಬರನ್ನೇ ಹೆಮ್ಮೆಯಿಂದ ಹಾಕಿ, ಸುತ್ತ ಹೂಬಳ್ಳಿಯ ಅಂಚು ಕೊಟ್ಟು ಕಳಿಸಿದೆ.

"ಭಾಳ ಛಂದ ಬಂದದ ಅಕ್ಕ," ಎಂದಳು ಶಿವಲೀಲಾ. ಅವಳು ನೋಡಿದ್ದು ಅಂಚನ್ನು ಮಾತ್ರ ಎಂದು ಆಮೇಲೆ ತಿಳಿಯಿತು. ಹಾಗೆಯೇ ತಾಂಡೂರಿಗೆ ದಾಟಿಸಿದಳು.

ಮರುದಿನ ಅವಳ ಫೋನು ಬಂತು. ದನಿ ಒದ್ದೆಯಾಗಿತ್ತು.

"ಅಕ್ಕ, ತಾಂಡೂರಿನವ್ರು ಬ್ಯಾಡ ಅಂದ್ರು. ಇಬ್ಬರದೂ ನಂದಿ ಗೋತ್ರ ಆಗ್ತದಂತ. ಅಣ್ಣ-ತಂಗಿಗಿ ಹ್ಯಾಂಗ ಮದಿವಿ ಮಾಡೋದು ಅಂತ ಕೇಳ್ಯಾರ. ಅಶ್ವಿನಿ ಊಟ ಬಿಟ್ಟು ಕುಂತಾಳ."

ಓಡಿಹೋಗಿ ತೆರೆದು ನೋಡಿದೆ. ಗೋತ್ರಕ್ಕೆ ಮೀಸೆಯೂ ಇಲ್ಲ, ಜಡೆಯೂ ಇಲ್ಲ. ಹುಡುಗನ ಗೋತ್ರ ನನ್ನ ಕಣ್ಣು ತಪ್ಪಿಸಿ ಅಲ್ಲೇ ಕೂತಿತ್ತು. ನಾನು ಎತ್ತಿ ಆಡಿಸಿದ ಹುಡುಗಿಯ ಮದುವೆಯನ್ನು ನಾನೇ ಕತ್ತರಿಸಿ ಹಾಕಿದ್ದೆ. ಅಳು ಬಂತು. ಅಳಲು ಶುರುಮಾಡುವಷ್ಟರಲ್ಲಿ ಮತ್ತೆ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ಗಂಡು ದನಿ.

"ನಾ ಕಲ್ಹೇರದಿಂದ ಶರಣಪ್ಪ ಮಾತಾಡ್ತೀನ್ರಿ. ತಾಂಡೂರಿನ ಹುಡುಗನ ಸೋದರಮಾವ. ನಿಮ್ಮ ಹುಡುಗಿ ಬಯೋಡಾಟಾದಾಗ ಸೋದರಮಾವ ಅಂತ ನನ್ನ ಹೆಸರು ಯಾಕದ್ರಿ?"

ಗೋತ್ರದ ಕೆಳಗಿನ ಸಾಲು ನೋಡಿದೆ. ಅವರ ಹೆಸರು, ಊರಿನ ಸಮೇತ ಇತ್ತು.

"ನಂಗಿರೋದು ಒಬ್ಬಾಕೇ ಅಕ್ಕ," ಎಂದು ಅವರು ಮುಂದುವರಿಸಿದರು. "ತಾಂಡೂರಾಗ ಅದಾಳ. ನಾರಾಯಣಖೇಡದಾಗ ಇನ್ನೊಬ್ಬಾಕಿ ಎಲ್ಲಿಂದ ಹುಟ್ಟಿದ್ಲು ಅಂತ ನನ್ನ ಹೆಂಡ್ತಿ ಮುಂಜಾನಿಂದ ಕೇಳಾಕತ್ತಾಳ. ತೀರಿಕೊಂಡ ನಮ್ಮಪ್ಪನ ಮ್ಯಾಲ ಶಕ್ ಮಾಡಾಕತ್ತಾಳ. ನಂಗ ಚಹಾ ಸಹ ಕೊಟ್ಟಿಲ್ರಿ."

ಒಂದೇ ಗುಂಡಿಯಿಂದ ಒಂದು ಮದುವೆ ಮುರಿದು, ಇನ್ನೊಂದು ಸಂಸಾರ ಕದಡಿ, ಸ್ವರ್ಗದಲ್ಲಿದ್ದ ಹಿರಿಯರೊಬ್ಬರ ಮಾನವನ್ನೂ ಕಳೆದಿದ್ದೆ. ನಾನು, ಶಿವಲೀಲಾ ಇಬ್ಬರೇ ಅಕ್ಕ-ತಂಗಿ. ನಮಗೆ ಅಣ್ಣ-ತಮ್ಮ ಇಲ್ಲ, ಅಶ್ವಿನಿಗೆ ಸೋದರಮಾವನೇ ಇಲ್ಲ. ಆ ಸಾಲನ್ನು ಅಳಿಸಬೇಕಿತ್ತು.

ಭಾನುವಾರ ಯಜಮಾನರನ್ನೂ ತಂಗಿಯನ್ನೂ ಕರೆದುಕೊಂಡು ತಾಂಡೂರಿಗೆ ಹೋದೆ. ಶರಣಪ್ಪನವರೂ ಹೆಂಡತಿಯೊಡನೆ ಬಂದಿದ್ದರು. ಆಕೆ ಶಿವಲೀಲಾಳ ಮೂಗನ್ನೂ ಗಂಡನ ಮೂಗನ್ನೂ ಹೋಲಿಸಿ ನೋಡುತ್ತಿದ್ದರು. ನಾನು ನಿಂತುಕೊಂಡು, ಅಳತೆಯ ರವಿಕೆಯಿಂದ ಹಿಡಿದು ಹೂಬಳ್ಳಿಯವರೆಗೆ ಎಲ್ಲ ಹೇಳಿದೆ.

ಹುಡುಗನ ತಾಯಿ ನಾನು ಕೊಟ್ಟ ಹೊಸ ಬಯೋಡಾಟಾವನ್ನು ತಿರುವಿ ನೋಡಿದರು. "ಈ ವೀರ ಗೋತ್ರನಾದ್ರೂ ಖರೆ ಏನ್ರಿ? ಇದೂ ಯಾರದರ ಕಾಪಿ ಏನು?"

"ಇದು ಕೈಲೇ ಬರ್ದಾಳ್ರಿ. ನಾ ಮುಂದ ಕುಂತು ಬರಸೀನಿ," ಎಂದರು ಯಜಮಾನರು.

ಒಳಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಹುಡುಗ! ಅವನ ನಗು ಅವನ ತಾಯಿಗೆ ಅಂಟಿತು, ತಾಯಿಯಿಂದ ಎಲ್ಲರಿಗೂ. ಶರಣಪ್ಪನವರ ಹೆಂಡತಿ ತಾವೇ ಎದ್ದು ಗಂಡನಿಗೆ ಚಹಾ ತಂದುಕೊಟ್ಟರು.

ಅವರು ಒಂದು ಗುಟುಕು ಕುಡಿದು ಕೇಳಿದರು. "ಹುಡುಗಿಗಿ ಖರೇನ ಸೋದರಮಾವ ಇಲ್ಲೇನ್ರಿ?"

"ಇಲ್ರಿ," ಎಂದಳು ಶಿವಲೀಲಾ.

"ಹಂಗಾರ ಬರ್ದದ್ದು ಬರ್ದೀರಿ, ಇರ್ಲಿ ಬಿಡ್ರಿ. ಮದಿವಿ ದಿನ ಆ ಜಾಗಾದಾಗ ನಾ ನಿಂದರ್ತೀನಿ."

"ಮತ್ತ ಇಬ್ಬರಿಗೂ ಅಣ್ಣ-ತಂಗಿ ಮಾಡಬ್ಯಾಡ ತಮ್ಮ," ಎಂದರು ಅವರ ಅಕ್ಕ, ಹುಡುಗನ ತಾಯಿ.

"ಒಂದಿನದ ಮಟ್ಟಿಗಿ ಅಕ್ಕ."

ಬೆನ್ನಿಗೆ ಅಣ್ಣ-ತಮ್ಮ ಇಲ್ಲದ ಕೊರತೆ ಹೆಣ್ಣುಮಕ್ಕಳಿಗೇ ಗೊತ್ತು. ಐವತ್ತು ದಾಟಿದ ಮೇಲೆ ನನಗೊಬ್ಬ ತಮ್ಮ ಸಿಕ್ಕಿದ್ದ.

ಮದುವೆಯಲ್ಲಿ ಶರಣಪ್ಪ ಅಶ್ವಿನಿಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ತನ್ನ ಅಕ್ಕನಿಗೆ ತಂದಂತೆಯೇ ನಮ್ಮಿಬ್ಬರಿಗೂ ಸೀರೆ ತಂದಿದ್ದ. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕ, ಒಂದು ಮಾತು ಕೊಡ್ರಿ. ಇನ್ನ ಮ್ಯಾಲ ಯಾರ ಬಯೋಡಾಟಾನೂ ಮಾಡಬ್ಯಾಡ್ರಿ. ಇನ್ನೊಬ್ಬಾಕಿ ಅಕ್ಕ ಬಂದ್ರ ನನ್ನ ಹೆಂಡ್ತಿ ಮನಿ ಒಳಗ ಬಿಡಂಗಿಲ್ಲ."

ಮಾತು ಕೊಟ್ಟೆ. ಕಂಪ್ಯೂಟರ್ ಯಜಮಾನರ ಇಸ್ಪೀಟಿಗೇ ಇರಲಿ, ನನಗೆ ನನ್ನ ಕತ್ತರಿಯೇ ಸಾಕು ಎಂದುಕೊಂಡು ಮನೆಗೆ ಬಂದೆ. ತಮ್ಮ ಕೊಟ್ಟ ಸೀರೆಯ ರವಿಕೆ ಬಟ್ಟೆಯನ್ನು ಹುಮ್ಮಸ್ಸಿನಿಂದ ಹರವಿ, ಅಳತೆಯ ರವಿಕೆ ಇಟ್ಟು, ಚಾಕ್ ಎಳೆದು, ಕತ್ತರಿಸಿ, ಸಂಜೆಯೊಳಗೆ ಹೊಲಿದು ಮುಗಿಸಿದೆ.

ಹಾಕಿಕೊಂಡು ನೋಡಿದರೆ ತೋಳು ಒಳಗೇ ಹೋಗಲಿಲ್ಲ. ಅಳತೆಗೆ ಇಟ್ಟಿದ್ದು ಶಿವಲೀಲಾಳ ರವಿಕೆ.