ದೊರೆಗಳು ಬಾಗಿಲು ಕಾಯ್ದದ್ದು

ಹುರುಳಿ ಸಾರಿನ ವಾಸನೆ ಮೂಗಿಗೆ ಬಡಿದದ್ದೇ ಪುಟ್ಟಮಲ್ಲರಾಜರಿಗೆ ಮುಳುವಾಯಿತು. ಹನೂರಿನ ನೆಂಟರ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಬಾಗಿಲಿಗೆ ಬೀಗ ಕಂಡು ವಾಪಸಾಗುತ್ತಿದ್ದರು. ಯಳಂದೂರು ಕಡೆಯ ಒಂದು ಪುಟ್ಟ ಪಾಳೆಯಪಟ್ಟಿನ ಕೊನೆಯ ಕುಡಿ. ಇನಾಮು ಜಮೀನು ಸರ್ಕಾರಕ್ಕೆ ಹೋದ ಮೇಲೆ ಉಳಿದದ್ದು ಒಂದು ಜರಿ ಪೇಟ, ಒಂದು ಹೆಸರು. ಪೇಟವನ್ನು ಹೋದ ವರ್ಷ ಮಾರಿದ್ದರು. ಹೆಸರನ್ನು ಯಾರೂ ಕೊಳ್ಳಲಿಲ್ಲ.

ವಾಸನೆ ಬರುತ್ತಿದ್ದದ್ದು ನಾಟಕ ಕಂಪನಿಯ ಡೇರೆಯ ಹಿಂದಿನಿಂದ. ಅಡುಗೆಯ ಚಾಮುಂಡಮ್ಮ ಸೌಟು ಆಡಿಸುತ್ತಿದ್ದಳು.

"ಊಟ ಯಾರಿಗವ್ವಾ?"

"ಪಾರ್ಟ್ ಮಾಡೋರ್ಗೆ ಮಾತ್ರ ಕಣ್ ಸಾಮಿ. ಅದೂ ಆಟ ಮುಗುದ್ ಮ್ಯಾಲೆ."

ರಾಜರು ಕಲಾಸೇವೆ ಮಾಡುವುದೆಂದು ತೀರ್ಮಾನಿಸಿದ್ದು ಆಗಲೇ.

ನೇರ ಮ್ಯಾನೇಜರ್ ನಂಜಯ್ಯನ ಹತ್ತಿರ ಹೋದರು. "ರಾಜನ ಪಾರ್ಟು ಕೊಡಿ. ಅಭ್ಯಾಸವೇ ಬೇಕಿಲ್ಲ, ನಮ್ಮ ರಕ್ತದಲ್ಲೇ ಇದೆ."

"ಎಲ್ಲಿ, ಸಿಂಹಾಸನದ ಮೇಲೆ ಕೂತು ತೋರ್ಸಿ."

ರಾಜರು ತಮ್ಮ ತಾತ ಕೂರುತ್ತಿದ್ದಂತೆಯೇ ಕೂತರು. ಒಂದು ಕಾಲು ಮಡಿಚಿಕೊಂಡು, ಬೆನ್ನು ಕೆರೆದುಕೊಳ್ಳುತ್ತಾ.

"ಏನ್ರೀ ಇದು! ರಾಜ ಇಂಗ್ ಕೂರ್ತಾನಾ? ನಮ್ ಪುಟ್ಟಸಿದ್ದಯ್ಯನ್ ನೋಡಿ!"

ಹೋದ ವರ್ಷದವರೆಗೂ ಬಸ್ ಕಂಡಕ್ಟರಾಗಿದ್ದ ಪುಟ್ಟಸಿದ್ದಯ್ಯ ಎದೆ ಉಬ್ಬಿಸಿ ಕೂತು, ಹುಬ್ಬು ಹಾರಿಸಿದ. ರಾಜರಿಗೇ ಕೈಮುಗಿಯುವಂತಾಯಿತು. ಅಯ್ಯೋ, ನಮ್ಮ ವಂಶದಲ್ಲಿ ಇಂಥವನೊಬ್ಬ ಹುಟ್ಟಿದ್ದರೆ ಪಾಳೆಯಪಟ್ಟು ಉಳೀತಿತ್ತು ಎಂದುಕೊಂಡರು.

ಕೊನೆಗೆ ಸಿಕ್ಕಿದ್ದು ದ್ವಾರಪಾಲಕನ ಪಾರ್ಟು. ಮಾತು ಒಂದೇ: "ಎಚ್ಚರಿಕೆ! ಮಹಾರಾಜರು ಚಿತ್ತೈಸುತ್ತಿದ್ದಾರೆ!"

"ಆಟ ಕೆಡಿಸಿದ್ರೆ ಊಟ ಇಲ್ಲ," ಅಂದ ನಂಜಯ್ಯ.

ಹನೂರಿನಲ್ಲಿ ತಮ್ಮ ಗುರುತು ಯಾರಿಗಿದೆ ಎಂಬ ಧೈರ್ಯದ ಮೇಲೆ ರಾಜರು ಮೀಸೆ ಅಂಟಿಸಿಕೊಂಡರು. ಆದರೆ ಮಾದಪ್ಪನ ಬೆಟ್ಟದಿಂದ ವಾಪಸಾಗುತ್ತಿದ್ದ ಅವರೂರಿನವರ ಲಾರಿ ಅಲ್ಲೇ ಕೆಟ್ಟು ನಿಂತಿತ್ತು. ರಿಪೇರಿ ಆಗುವ ತನಕ ಹೊತ್ತು ಕಳೆಯಲು ಅಷ್ಟೂ ಜನ ಹಗಲಾಟಕ್ಕೆ ಬಂದು ಮುಂದುಗಡೆ ಕೂತಿದ್ದರು.

ಪರದೆ ಎದ್ದಿತು. ರಾಜರು ಈಟಿ ಹಿಡಿದು ಬಂದರು. "ಎಚ್ಚ... ಎಚ್ಚರಿ..."

ಮುಂದೆ ಕೂತಿದ್ದ ಮುದುಕ ದೊಡ್ಡಮಾದಪ್ಪ ಕಣ್ಣು ಕಿರಿದು ಮಾಡಿದ. "ಅಯ್ಯೋ ಶಿವನೇ, ನಮ್ ಬುದ್ದಿಯೋರು ಕಣ್ರಲಾ! ಏಳ್ರಲಾ ಮ್ಯಾಕೆ!"

ಊರಿಗೆ ಊರೇ ಎದ್ದು, ಹೆಗಲ ಮೇಲಿನ ಟವಲು ಸೊಂಟಕ್ಕೆ ಸುತ್ತಿ ಕೈಮುಗಿಯಿತು.

"ಕೂತ್ಕಳ್ರಲಾ, ಏನೂ ಕಾಣಾಕಿಲ್ಲ!" ಹಿಂದಿನಿಂದ ಕೂಗು.

"ದೊರೆಗೋಳು ನಿಂತವ್ರೆ, ನಾವೆಂಗ್ಲಾ ಕೂರಾದು?" ಎಂದು ಗದರಿದ ದೊಡ್ಡಮಾದಪ್ಪ ಸ್ಟೇಜಿನ ಕಡೆ ತಿರುಗಿದ. "ತಾವು ಕೂತ್ಕಂಡ್ರೆ ಕೂರ್ತೀವಿ ಬುದ್ದೀ."

"ಎಲ್ಲಾದ್ರೂ ಕೂತು ಸಾಯ್ರೀ!" ಎಂದು ಪರದೆ ಮರೆಯಿಂದ ನಂಜಯ್ಯ ಹಲ್ಲು ಕಡಿದ.

ಸ್ಟೇಜಿನ ಮೇಲಿದ್ದದ್ದು ಒಂದೇ ಆಸನ. ರಾಜರು ಕೂತರು. ಊರವರೂ ಸಮಾಧಾನದಿಂದ ಕೂತರು. ಅಷ್ಟರಲ್ಲಿ ಕಿರೀಟ ಧರಿಸಿ ಧಿಮಿಧಿಮಿ ಬಂದ ಪುಟ್ಟಸಿದ್ದಯ್ಯ, ಸಿಂಹಾಸನದ ಮೇಲೆ ದ್ವಾರಪಾಲಕ ಬೆನ್ನು ಕೆರೆದುಕೊಳ್ಳುವುದನ್ನು ಕಂಡ. ಹೇಳಬೇಕಿದ್ದ ಮಾತೆಲ್ಲ ಮರೆತುಹೋಯಿತು.

"ಏಳ್ರೀ ಮೇಲೆ, ಅದು ರಿಜರ್ವ್ ಸೀಟು!"

ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಶೋಕದ ನಾಟಕ ಕೊನೆಯವರೆಗೂ ಹಾಗೇ ನಡೆಯಿತು. ಹೊಡೆಯಲು ಬಂದಿದ್ದ ನಂಜಯ್ಯ ಆ ಚಪ್ಪಾಳೆ ಕೇಳಿ ಕೈ ಇಳಿಸಿದ. "ಆಗ್ಲಿ ಬಿಡಿ, ಜನಕ್ಕೆ ಖುಷಿಯಾಯ್ತು. ಹೋಗಿ ಊಟ ಮಾಡಿ."

ರಾಜರ ಕಣ್ಣಲ್ಲಿ ನೀರೇ ಬಂತು. ಡೇರೆಯ ಹಿಂದಕ್ಕೆ ಓಡಿದರು.

ಅಲ್ಲಿ ಎಲೆ ಹಾಕಿಕೊಂಡು ಅವರೂರಿಗೆ ಊರೇ ಸಾಲಾಗಿ ಕೂತಿತ್ತು.

"ಬುದ್ದಿಯೋರು ಕಂಪ್ನಿ ಮಡಗವ್ರೆ ಅಂತ ಗೊತ್ತೇ ಇರ್ನಿಲ್ಲ," ಅಂದ ದೊಡ್ಡಮಾದಪ್ಪ. "ಸಿಮ್ಮಾಸನದಲ್ಲಿ ಕೂತಿದ್ ನೋಡಿ ತಿಳೀತು. ದೊರೆಗೋಳ ಬಾಗ್ಲಿಗ್ ಬಂದು ಬರೀ ಹೊಟ್ಟೇಲಿ ಹೋದ್ರೆ ತಮ್ಗೇ ಅವಮಾನ ಅಲ್ವುರಾ?"

ನಾನಿಲ್ಲಿ ಬಾಗಿಲು ಕಾಯೋನು ಕಣಪ್ಪಾ ಎನ್ನಲು ರಾಜರು ಬಾಯಿ ತೆರೆದರು. ಹಾಳು ಬಾಯಿ ಕೇಳಬೇಕಲ್ಲ!

"ಬಡಿಸವ್ವಾ, ಯಾರಿಗೂ ಕಮ್ಮಿ ಆಗಬಾರದು," ಎಂದುಬಿಟ್ಟಿತು.

ಎಲೆ ಮುಂದೆ ಕೂತವರನ್ನು, ಅದೂ ಮಾದಪ್ಪನ ದರ್ಶನ ಮುಗಿಸಿ ಬಂದವರನ್ನು, ಎಬ್ಬಿಸುವುದುಂಟೇ? ನಂಜಯ್ಯ ಹಣೆ ಚಚ್ಚಿಕೊಂಡ. ಚಾಮುಂಡಮ್ಮ ಬಡಿಸಿದಳು. ಪಾತ್ರೆಯ ತಳ ಕೆರೆದಾಗ ಉಳಿದ ಪಾರ್ಟಿನವರಿಗೆ ಒಂದೊಂದು ತುತ್ತು ಸಿಕ್ಕಿತು. ರಾಜರಿಗೆ ಅದೂ ಇಲ್ಲ.

ದೊಡ್ಡಮಾದಪ್ಪ ತೃಪ್ತಿಯಿಂದ ತೇಗಿದ. "ಬುದ್ದಿಯೋರ್ದು ಊಟ ಆಯ್ತುರಾ?"

"ಓಹೋ! ಆಗಲೇ ಹೊಟ್ಟೆ ತುಂಬ ಆಯ್ತು," ಎಂದು ರಾಜರು ಹೊಟ್ಟೆ ಸವರಿಕೊಂಡು ಮುಗುಳ್ನಕ್ಕರು.

ಪಕ್ಕದಲ್ಲಿದ್ದ ನಂಜಯ್ಯ ಅವರನ್ನೇ ಬಾಯಿ ಬಿಟ್ಟುಕೊಂಡು ನೋಡಿದ. "ಅಲ್ರೀ, ಈ ಆ್ಯಕ್ಟಿಂಗ್ ಸ್ಟೇಜಿನ್ ಮೇಲ್ ಎಲ್ಲೋಗಿತ್ತು?"